ತೆನೆಯೊಂದಿಗೆ ಮಳೆಯ ಕಥೆಯೂ ಮನೆಗೆ ಬರಲಿ

ಆಗಸ್ಟ್ 30 ಬಂತೆಂದರೆ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಮಕ್ಕಳಿಗೆ ಬೆಳಗಿನ ಕೆಲಸವೊಂದು ಹೆಚ್ಚುತ್ತದೆ. ಅಂಗಳದ ದಾಸವಾಳ, ಬೇಲಿಯ ಕೇಪಳ, ನೆರೆಮನೆಯ ನಂದಬಟ್ಟಲು, ಎಲ್ಲಿ ಹೂ ಕಂಡರೂ ಅದು ಬಾಲೆ ಮರಿಯಮ್ಮನಿಗೆ ಸಲ್ಲಬೇಕಾದುದು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಹೂವಿನ ತಟ್ಟೆ; ಕೆಸರಿನ ದಾರಿಯಲ್ಲಿ ಕಾಲೆಳೆದುಕೊಂಡು ಹೋಗುವ ಆ ಪುಟ್ಟ ಮೆರವಣಿಗೆಯನ್ನು ಕಂಡು ಮನಸ್ಸು ಅರಳದವರು ಯಾರು? ಒಂಬತ್ತು ದಿನಗಳ ನೊವೇನಾ ಮುಗಿದ ಮರುದಿನ ಸೆಪ್ಟೆಂಬರ್ 8. ಕನ್ಯಾ ಮರಿಯಮ್ಮನವರ ಜನ್ಮದಿನ. ನಮ್ಮವರ ಬಾಯಲ್ಲಿ ಅದು ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ.

ವರ್ಷದ ಇತರ ಹಬ್ಬಗಳೆಲ್ಲ ಕೇವಲ ಪೂಜಾವಿಧಿಯ ಪಂಚಾಂಗವನ್ನು ಅನುಸರಿಸುತ್ತವೆ. ಮೊಂತಿ ಹಬ್ಬವಾದರೋ ಎರಡು ಪಂಚಾಂಗಗಳು ಸಂಧಿಸುವ ದಿನ. ಒಂದು ಧರ್ಮಸಭೆಯದು, ಇನ್ನೊಂದು ಮಳೆಯದು. ನಮ್ಮ ರೈತರು ಲೆಕ್ಕ ಹಾಕುವ ಮಳೆ ನಕ್ಷತ್ರಗಳಲ್ಲಿ ಹುಬ್ಬಾ ಮಳೆ ಆಗಸ್ಟ್ ಕೊನೆಯಲ್ಲಿ ಆರಂಭವಾಗಿ ಸೆಪ್ಟೆಂಬರ್ 13ರ ಸುಮಾರಿಗೆ ಮುಗಿಯುತ್ತದೆ. ನೊವೇನಾದ ಒಂಬತ್ತು ದಿನಗಳೂ ಹಬ್ಬದ ದಿನವೂ ಈ ಹುಬ್ಬಾ ಮಳೆಯ ಮಡಿಲಲ್ಲೇ ಬೀಳುತ್ತವೆ. ಈ ಎರಡು ಪಂಚಾಂಗಗಳು ಈಚೆಗೆ ಒಂದನ್ನೊಂದು ತಪ್ಪಿಸಿಕೊಂಡು ಓಡಾಡುತ್ತಿರುವಂತೆ ತೋರುವುದರಿಂದ ಈ ವಿಚಾರವನ್ನು ಓದುಗರ ಮುಂದಿಡಬೇಕೆನಿಸಿತು.

ಐದು ಹೊಳೆಗಳ ಊರು

ಕುಂದಾಪುರವು ನೀರು ಸುತ್ತುವರಿದ ಪಟ್ಟಣ. ಪಡುವಣ ದಿಕ್ಕಿನಲ್ಲಿ ಕೋಡಿಯ ಕಡಲ ದಂಡೆ; ಬಡಗಣ ದಿಕ್ಕಿನಲ್ಲಿ ಹೊಳೆ ದಾಟಿದರೆ ಗಂಗೊಳ್ಳಿಯ ಬಂದರು. ಘಟ್ಟದ ಕಡೆಯಿಂದ ಇಳಿದು ಬರುವ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಇಲ್ಲಿ ಒಂದಾಗಿ ಪಂಚಗಂಗಾವಳಿಯೆನಿಸಿ ಸಮುದ್ರ ಸೇರುತ್ತವೆ. ಕೆಲವೇ ಕಿಲೋಮೀಟರು ಬಡಗಣಕ್ಕಿರುವ ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಲ್ಲಿ ಸೌಪರ್ಣಿಕೆ, ಇನ್ನೊಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ. ಇಂತಹ ಊರಿನಲ್ಲಿ ನೀರಿನ ಮಾತಿಲ್ಲದೆ ಯಾವ ಸಮುದಾಯದ ಚರಿತ್ರೆಯನ್ನೂ ಬರೆಯಲಾಗದು. 1570ರಷ್ಟು ಹಿಂದಿನ ಪರಂಪರೆ ಇದೆಯೆಂದು ಹೇಳಲಾಗುವ ಇಲ್ಲಿಯ ರೋಜರಿ ಮಾತೆಯ ಇಗರ್ಜಿಯ ಕಥೆಯೂ ಹಾಗೆಯೇ. ಹಡಗು ಬಂದುದು ನೀರಿನ ದಾರಿಯಲ್ಲಿ, ವ್ಯಾಪಾರ ನಡೆದುದು ನೀರಿನ ದಾರಿಯಲ್ಲಿ. ಹೊರೆಕಾಣಿಕೆ ಬೆಳೆದುದು ಮಳೆಯ ನೀರಿನಲ್ಲಿ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕದ ನಾಲ್ಕೇ ತಿಂಗಳಲ್ಲಿ. ಸಮುದ್ರದ ತೇವವನ್ನು ಹೊತ್ತ ನೈಋತ್ಯದ ಗಾಳಿ ಘಟ್ಟದ ಗೋಡೆಗೆ ತಾಗಿ ಮೇಲೇರಿ ತಂಪಾಗುತ್ತದೆ, ಮಳೆಯಾಗಿ ಸುರಿಯುತ್ತದೆ; ಘಟ್ಟದ ತುದಿಯ ಆಗುಂಬೆಗೆ ಏಳು ಸಾವಿರ ಮಿಲಿಮೀಟರಿಗೂ ಅಧಿಕ. ಅಲ್ಲಿ ಸುರಿದುದೂ ಕಡೆಗೆ ನಮ್ಮ ಅಂಗಳದ ಪಕ್ಕದಲ್ಲೇ ಹರಿದು ಹೋಗಬೇಕು. ಆದುದರಿಂದಲೇ ಹಿಂದಿನವರು ಮೇ ತಿಂಗಳಲ್ಲಿ ಕೋಟೆಗೆ ಮುತ್ತಿಗೆ ಬೀಳುವುದೋ ಎಂಬಂತೆ ಸಿದ್ಧರಾಗುತ್ತಿದ್ದರು. ಸೌದೆ ಮಾಡಿನಡಿಗೆ, ತರಗೆಲೆ ಕೊಟ್ಟಿಗೆಗೆ, ಮಾವಿನಮಿಡಿ ಭರಣಿಗೆ, ಒಣಮೀನು ಡಬ್ಬಕ್ಕೆ, ಹಲಸಿನ ಬೀಜ ಮಣ್ಣಿನ ನಡುವೆ. ಅದಾದ ಮೇಲೆ ಮಳೆ ಬರಲಿ ಎಂಬ ಪ್ರಾರ್ಥನೆ. ಧರ್ಮಸಭೆಯ ಪೂಜಾಗ್ರಂಥದಲ್ಲಿ ಮಳೆ ಬೇಡುವ ಪ್ರಾರ್ಥನೆಯೂ ಇದೆ, ಮಳೆ ನಿಂತು ಹವೆ ತಿಳಿಯಾಗಲೆಂದು ಬೇಡುವ ಪ್ರಾರ್ಥನೆಯೂ ಇದೆ. ಒಂದೇ ವರ್ಷದಲ್ಲಿ ಎರಡೂ ಬೇಕಾಗುವ ಊರುಗಳಲ್ಲಿ ನಮ್ಮದೂ ಒಂದು.

ಬೆಟ್ಟದಿಂದ ಬಂದ ಹಬ್ಬ

ಮೊಂತಿ ಎಂಬ ಹೆಸರು ಬೆಟ್ಟ ಎಂಬರ್ಥದ ಪೋರ್ಚುಗೀಸ್ ಮಾತಿನಿಂದ ಬಂದುದು. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಕಟ್ಟಿದ ಮೊಂತೆ ಮರಿಯಾನೊ ಮಠದಲ್ಲಿ 1763ರಲ್ಲಿ ಗೋವೆಯ ಗುರು ಜೋಕಿಂ ಮಿರಾಂದಾ ಅವರು ಈ ಹಬ್ಬವನ್ನು ಆರಂಭಿಸಿದರೆಂದು ಪ್ರತೀತಿ. ಮರಿಯಮ್ಮನವರ ಜನ್ಮದಿನವನ್ನು ಪೈರಿನ ಮೊದಲ ತೆನೆಯೊಂದಿಗೆ ಕೂಡಿಸಿದ ಆ ಹಿರಿಯರ ಬುದ್ಧಿಯನ್ನು ಮೆಚ್ಚಬೇಕು. ನಮ್ಮ ಜನರು ಕ್ರೈಸ್ತರಾಗುವ ಮೊದಲೂ ರೈತರೇ ಆಗಿದ್ದರು. ಹೊಸ ಅಕ್ಕಿಯನ್ನು ದೇವರಿಗೆ ಅರ್ಪಿಸದೆ ಉಣ್ಣುವ ರೂಢಿ ಅವರಲ್ಲಿ ಇರಲಿಲ್ಲ. ಇಂದಿಗೂ ನಮ್ಮ ನೆರೆಯ ಹಿಂದೂ ಮನೆಗಳಲ್ಲಿ ಬಾಗಿಲಿಗೆ ಕದಿರು ಕಟ್ಟಿ, ಹೊಸ್ತು ಊಟ ಮಾಡುವ ಆಚರಣೆಯುಂಟು. ಅವರ ಕದಿರು, ನಮ್ಮ ನೊವೆಂ, ಎರಡೂ ಒಂದೇ ಬೈಲಿನ ಗದ್ದೆಯಿಂದ ಬಂದವು.

1784ರಲ್ಲಿ ಈ ಕರಾವಳಿಯ ಕ್ರೈಸ್ತರು ಶ್ರೀರಂಗಪಟ್ಟಣದ ಸೆರೆಗೆ ಒಯ್ಯಲ್ಪಟ್ಟರು. 1799ರ ತರುವಾಯ ಬದುಕುಳಿದವರು ಮರಳಿ ಬಂದು ಹೊಸದಾಗಿ ಬಾಳು ಕಟ್ಟಿಕೊಂಡರು. ಹಾಗೆ ಮರಳಿದವರ ಮನೆಯಲ್ಲಿ ಮೊದಲ ಹೊಸ ಅಕ್ಕಿಯ ಊಟ ಹೇಗಿದ್ದಿರಬಹುದು ಎಂಬುದನ್ನು ಹಬ್ಬದ ದಿನ ಒಂದು ಗಳಿಗೆ ಯೋಚಿಸಿದರೆ ಬಾಳೆಲೆಯ ಮುಂದೆ ನಮ್ಮ ಗೊಣಗಾಟಗಳು ತಾವಾಗಿಯೇ ಅಡಗುತ್ತವೆ.

ಪವಿತ್ರ ಗ್ರಂಥದ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಪ್ರಥಮ ಫಲದ ಕಾಣಿಕೆಯ ಕ್ರಮವನ್ನು ವಿಧಿಸಲಾಗಿದೆ. ಇಸ್ರಯೇಲನು ಮೊದಲ ಬೆಳೆಯನ್ನು ಬುಟ್ಟಿಯಲ್ಲಿಟ್ಟು ಯಾಜಕನ ಕೈಗೆ ಕೊಡಬೇಕು. ಆದರೆ ವಿಧಿ ಅಲ್ಲಿಗೇ ಮುಗಿಯುವುದಿಲ್ಲ. ಬುಟ್ಟಿ ಕೊಟ್ಟವನು ದೇವರ ಸನ್ನಿಧಿಯಲ್ಲಿ ನಿಂತು ತನ್ನ ಪೂರ್ವಜರ ಅಲೆದಾಟ, ಈಜಿಪ್ಟಿನ ದಾಸ್ಯ, ಬಿಡುಗಡೆ, ಈ ನೆಲ ಕೈಸೇರಿದ ಬಗೆ, ಇವೆಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಆಮೇಲೆ ಮನೆಯವರೊಡನೆ, ನಡುವೆ ವಾಸಿಸುವ ಪರದೇಶಿಯೊಡನೆ ಕೂಡಿ ಸಂತೋಷಪಡಬೇಕು. ಅಂದರೆ ಬುಟ್ಟಿ ಮಾತ್ರ ಸಾಲದು, ಕಥೆಯೂ ಬೇಕು. ತೆನೆ ಎಲ್ಲಿಂದ ಬಂತೆಂದು ಹೇಳಬಲ್ಲವನೇ ತೆನೆಯನ್ನು ಅರ್ಪಿಸಬಲ್ಲವನು.

ಒಂದು ಮಗುವಿನ ಪ್ರಶ್ನೆ

ಕೆಲವು ವರ್ಷಗಳ ಹಿಂದಿನ ಮಾತು. ಬಲಿಪೂಜೆ ಮುಗಿದು, ಆಶೀರ್ವದಿಸಿದ ತೆನೆಗಳನ್ನು ಹಂಚಲಾಯಿತು. ಮಕ್ಕಳಿಗೆ ಕಬ್ಬು ಸಿಕ್ಕಿತು. ಮನೆಗೆ ಬಂದು ಹಿರಿಯಳಾದ ನಮ್ಮ ತಾಯಿ ತೆನೆಯಿಂದ ಕಾಳು ಬಿಡಿಸಿ, ಸಿಪ್ಪೆ ತೆಗೆದು, ತೆಂಗಿನ ಹಾಲಿಗೆ ಸೇರಿಸುತ್ತಿದ್ದರು. ಮುಂಬಯಿಯಿಂದ ಹಬ್ಬಕ್ಕೆಂದು ಬಂದಿದ್ದ ತಮ್ಮನ ಮಗಳು ನನ್ನ ಕಡೆ ತಿರುಗಿ, “ದೊಡ್ಡಪ್ಪಾ, ಇದು ಯಾರ ಗದ್ದೆಯದು?” ಎಂದು ಕೇಳಿದಳು.

ಉತ್ತರ ಗೊತ್ತಿರಲಿಲ್ಲ. ನಮ್ಮದಂತೂ ಅಲ್ಲ, ತಂದೆಯವರು ತೀರಿಕೊಂಡ ಮೇಲೆ ನಮ್ಮ ಗದ್ದೆ ಹಡಿಲು ಬಿದ್ದು ಹುಲ್ಲು ಬೆಳೆದಿತ್ತು. ವಿಚಾರಿಸಿದಾಗ ತಿಳಿಯಿತು: ಊರಿನ ಬೈಲಿನಲ್ಲಿ ಆ ವರ್ಷ ತೆನೆ ಸಿಗದೆ ಸ್ವಯಂಸೇವಕರು ದೂರದ ಹಳ್ಳಿಯೊಂದರಿಂದ ಹಣ ಕೊಟ್ಟು ತಂದಿದ್ದರು. ತಂದವರನ್ನು ದೂರುವಂತಿಲ್ಲ. ಅವರು ಮಳೆಯಲ್ಲಿ ನೆನೆಯುತ್ತ ಹೋಗಿ ತಂದಿರದಿದ್ದರೆ ಅಂದು ನಮ್ಮ ಬಾಳೆಲೆಯಲ್ಲಿ ನೊವೆಂ ಇರುತ್ತಿರಲಿಲ್ಲ. ದೂರಬೇಕಾದುದು ಗದ್ದೆಯಿದ್ದೂ ಬೀಜ ಬಿತ್ತದ ನಮ್ಮಂಥವರನ್ನು.

ತಂದೆಯವರಿಗೆ ಈ ಪ್ರಶ್ನೆ ಎದುರಾಗುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಸಂತರ ಹಬ್ಬಗಳ ಪಕ್ಕದಲ್ಲೇ ಅವರು ಪೆನ್ಸಿಲಿನಿಂದ ಮಳೆಯ ಲೆಕ್ಕ ಬರೆಯುತ್ತಿದ್ದರು. ಜೂನ್ 13, ಸಂತ ಅಂತೋನಿಯವರ ಹಬ್ಬದ ಬದಿಯಲ್ಲಿ ನೇಜಿ ಹಾಕಿ ಎಷ್ಟು ದಿನವಾಯಿತೆಂಬ ಅಂಕೆ. ಜೂನ್ 24, ಸ್ನಾನಿಕ ಯೊವಾನ್ನರ ಹಬ್ಬದ ಬದಿಯಲ್ಲಿ ಆರ್ದ್ರಾ ಮಳೆ ಹಿಡಿಯಿತೋ ಇಲ್ಲವೋ ಎಂಬ ಗುರುತು. ಆಶ್ಲೇಷಾ ಮಳೆಗೆ ಹೊಳೆಯ ನೀರು ಎಲ್ಲಿಯವರೆಗೆ ಏರಿತೆಂಬ ಒಂದು ಗೆರೆ. ಆ ಕ್ಯಾಲೆಂಡರು ನಮ್ಮ ಮನೆಯ ಮಟ್ಟಿಗೆ ಹವಾಮಾನ ಇಲಾಖೆಯೂ ಹೌದು, ಪ್ರಾರ್ಥನಾ ಪುಸ್ತಕವೂ ಹೌದು.

ನೂರು ದಿನಗಳ ಲೆಕ್ಕ

ಹಬ್ಬದ ದಿನಕ್ಕೆ ತೆನೆ ಏಕೆ ಸಿಗುತ್ತಿಲ್ಲ? ಗದ್ದೆ ಕಡಿಮೆಯಾದುದು ಒಂದು ಕಾರಣ; ಲೆಕ್ಕ ಕೆಟ್ಟುದು ಇನ್ನೊಂದು. ಕರಾವಳಿಯಲ್ಲಿ ಹೆಚ್ಚಾಗಿ ಬೆಳೆಯುವ ಎಂ.ಓ. 4 ಎಂಬ ಕೆಂಪು ಅಕ್ಕಿಯ ತಳಿ ಬಿತ್ತನೆಯಿಂದ ಕಟಾವಿಗೆ ಸುಮಾರು 130ರಿಂದ 135 ದಿನ ತೆಗೆದುಕೊಳ್ಳುತ್ತದೆ. ತೆನೆ ಹೊರಬಿದ್ದ ಮೇಲೆ ಕಾಳು ಬಲಿತು ಹಣ್ಣಾಗಲು ಸುಮಾರು ಒಂದು ತಿಂಗಳು. ಅಂದರೆ ತೆನೆ ಕಣ್ಣಿಗೆ ಕಾಣಬೇಕಾದರೆ ಬಿತ್ತಿ ನೂರು ದಿನಗಳಾದರೂ ಆಗಿರಬೇಕು.

ಈಗ ಹಬ್ಬದಿಂದ ಹಿಂದಕ್ಕೆ ಎಣಿಸೋಣ. ಕೇರಳದ ತೀರಕ್ಕೆ ಮುಂಗಾರು ತಲುಪುವ ರೂಢಿಯ ದಿನ ಜೂನ್ 1. ನಮ್ಮಲ್ಲಿಗೆ ಅದು ಕೆಲವು ದಿನ ತಡವಾಗಿ ಬರುತ್ತದೆ. ಜೂನ್ 1ರಿಂದ ಸೆಪ್ಟೆಂಬರ್ 8ಕ್ಕೆ 99 ದಿನ. ಸಕಾಲಕ್ಕೆ ಮಳೆ ಬಂದ ವರ್ಷವೂ ಅವಕಾಶ ಕೂದಲೆಳೆಯಷ್ಟೇ ಎಂದಾಯಿತು. 2023ರಲ್ಲಿ ಮುಂಗಾರು ಕೇರಳ ತಲುಪಿದುದು ಜೂನ್ 8ರಂದು. ಹಬ್ಬಕ್ಕೆ ಉಳಿದುದು 92 ದಿನ. 2025ರಲ್ಲಿ ಮೇ 24ರಂದೇ ಬಂತು. 2009ರ ನಂತರ ಅಷ್ಟು ಬೇಗ ಬಂದುದು ಅದೇ ಮೊದಲು. ಆಗ 107 ದಿನ. ಎರಡು ವರ್ಷಗಳ ಅಂತರದಲ್ಲಿ ಒಂದೇ ಹಬ್ಬಕ್ಕೆ 15 ದಿನಗಳ ವ್ಯತ್ಯಾಸ! ಹಬ್ಬದ ತಾರೀಖು ಕದಲುವುದಿಲ್ಲ, ಮಳೆಯ ತಾರೀಖು ನಿಲ್ಲುವುದಿಲ್ಲ. ನಡುವೆ ಸಿಕ್ಕಿಕೊಂಡವನು ರೈತ.

ಹಿಂದೆಯೂ ಮಳೆ ಮುಂದೆ ಹಿಂದೆ ಆದುದುಂಟು. ಆದರೆ ಆಗ ಊರ ತುಂಬ ಗದ್ದೆಗಳಿದ್ದವು. ಒಬ್ಬರು ಬಾವಿಯ ನೀರಿನಲ್ಲಿ ಮೊದಲೇ ನೇಜಿ ಹಾಕಿರುತ್ತಿದ್ದರು, ಇನ್ನೊಬ್ಬರು ಬೇಗನೆ ತೆನೆ ಬಿಡುವ ಊರ ತಳಿ ಬಿತ್ತಿರುತ್ತಿದ್ದರು. ಹತ್ತು ಗದ್ದೆಗಳಲ್ಲಿ ಒಂದರಲ್ಲಾದರೂ ಹಬ್ಬಕ್ಕೆ ತೆನೆ ಇಣುಕುತ್ತಿತ್ತು. ಈಗ ಗದ್ದೆಗಳು ನಿವೇಶನಗಳಾಗಿವೆ. ಹೊಳೆಬದಿಯ ಗದ್ದೆಗಳದು ಬೇರೆಯೇ ಪಾಡು. ಬೇಸಗೆಯಲ್ಲಿ ಹೊಳೆಯ ಹರಿವು ಇಳಿದಾಗ ಸಮುದ್ರದ ಉಬ್ಬರದ ನೀರು ಒಳಕ್ಕೆ ನುಗ್ಗುತ್ತದೆ. ಅದನ್ನು ತಡೆಯಲು ಕಿಂಡಿ ಅಣೆಕಟ್ಟುಗಳಿಗೆ ಮಳೆಗಾಲ ಮುಗಿದೊಡನೆ ಹಲಗೆ ಹಾಕಬೇಕು, ಮುಂಗಾರಿಗೆ ಮೊದಲು ತೆಗೆಯಬೇಕು. ಹಲಗೆ ತಡವಾದರೆ, ದಂಡೆ ಒಡೆದರೆ, ಗದ್ದೆಗೂ ಬಾವಿಗೂ ಉಪ್ಪು. ಒಂದೆರಡು ವರ್ಷ ಉಪ್ಪು ತಿಂದ ಗದ್ದೆಯನ್ನು ಯಜಮಾನನು ಬಿಟ್ಟುಬಿಡುತ್ತಾನೆ. ಬಿಟ್ಟ ಗದ್ದೆಯ ದಂಡೆ ಮತ್ತಷ್ಟು ಒಡೆಯುತ್ತದೆ.

ಕಡಲು ಕಲಿಸಿದ ಪಾಠ

ಮಳೆಗಾಲದಲ್ಲಿ ಗದ್ದೆಯವನಿಗೆ ಕೆಲಸವಾದರೆ ಕಡಲಿನವನಿಗೆ ಬಿಡುವು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಕಾಲವದು. ಆ ದಿನಗಳಲ್ಲಿ ಗಂಗೊಳ್ಳಿಯ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ನಾಡದೋಣಿಯವರು ಮಾತ್ರ ಸಮುದ್ರ ಕಲಕುವ ತೂಫಾನಿಗಾಗಿ ಕಾಯುತ್ತಾರೆ, ಸಿಗಡಿ ದಡದ ಹತ್ತಿರ ಬರಲೆಂದು. ಇಡೀ ನಾಗರಿಕ ಜಗತ್ತು ಇನ್ನಷ್ಟು, ಮತ್ತಷ್ಟು ಎನ್ನುತ್ತಿರುವಾಗ ವರ್ಷಕ್ಕೆ ಎರಡು ತಿಂಗಳು ಸಮುದ್ರವನ್ನು ಅದರ ಪಾಡಿಗೆ ಬಿಡುವ ಈ ಕ್ರಮವು ನಮ್ಮ ತಪಸ್ಸುಕಾಲದ ಉಪವಾಸವನ್ನು ನೆನಪಿಗೆ ತರುತ್ತದೆ. ಎಲ್ಲವೂ ನಮ್ಮ ಕೈಯಲ್ಲಿಲ್ಲವೆಂಬ ಒಪ್ಪಿಗೆಯೇ ಎರಡರ ಸಾರ.

ಹಾಗೆ ಒಪ್ಪಿಕೊಳ್ಳದವರಿಗೂ ಕಡಲು ಈಚಿನ ವರ್ಷಗಳಲ್ಲಿ ಪಾಠ ಹೇಳಿದೆ. 2021ರ ಮೇ ತಿಂಗಳ ನಡುವಿನಲ್ಲಿ ತೌಕ್ತೆ ಚಂಡಮಾರುತವು ನಮ್ಮ ತೀರದ ಬದಿಯಲ್ಲಿ ಹಾದುಹೋಗುವಾಗ ಜಿಲ್ಲೆಯ ಕಡಲಂಚಿನ ರಸ್ತೆಗಳು, ತೆಂಗಿನ ಮರಗಳು, ಮನೆಗಳು ಅಲೆಗಳ ಪಾಲಾದವು. ಅರಬ್ಬಿ ಸಮುದ್ರದ ಮೇಲ್ಮೈ ಬಿಸಿಯೇರುತ್ತಿರುವುದರಿಂದ ಇಲ್ಲಿಯ ಚಂಡಮಾರುತಗಳು ಬಲಗೊಳ್ಳುತ್ತಿವೆಯೆಂದು ವಿಜ್ಞಾನಿಗಳು ಹೇಳುತ್ತಾರೆ. ಅದಕ್ಕೂ ಹಿಂದಿನ ವರ್ಷ, 2020ರ ಸೆಪ್ಟೆಂಬರ್ 20ರಂದು, ಮೊಂತಿ ಹಬ್ಬ ಕಳೆದು ಎರಡು ವಾರವೂ ಆಗಿರಲಿಲ್ಲ. ಒಂದೇ ರಾತ್ರಿಯ ಮಳೆಗೆ ಉಡುಪಿ ನಗರದ ತಗ್ಗುಪ್ರದೇಶಗಳು ಮುಳುಗಿದವು. ತೆನೆ ಹೊತ್ತು ನಿಂತ ಗದ್ದೆಗಳು ನೀರಿನಡಿಗೆ ಹೋದವು. ಉತ್ತರಾ ಮಳೆಯಲ್ಲಿ ಇಂತಹ ನೆರೆಯನ್ನು ಕಂಡ ನೆನಪಿಲ್ಲವೆಂದು ವಯಸ್ಸಾದವರು ಬೆರಗಾದರು. ಅಂತಹ ರಾತ್ರಿ ಬಾಗಿಲು ತಟ್ಟಿ ಎಬ್ಬಿಸಿದವನು, ದೋಣಿ ತಂದವನು, ಅಟ್ಟದ ಮೇಲೆ ಜಾಗ ಕೊಟ್ಟವನು ಯಾವ ಜಾತಿಯವನೆಂದು ಯಾರೂ ಕೇಳುವುದಿಲ್ಲ. ನೀರು ಏರುವಾಗ ನೆರೆಮನೆಯೇ ಮೊದಲ ಆಸರೆ. ಆ ನೆರೆಮನೆಯವರ ಹೆಸರು ಗೊತ್ತಿರಬೇಕಾದರೆ ನೀರು ಇಳಿದಿರುವಾಗಲೂ ಅವರ ಬಾಗಿಲಿಗೆ ಹೋಗುವ ರೂಢಿ ಬೇಕು.

ತಡವಾಗಿ ಬಂದ ತೆನೆ

ಆ ಮಗುವಿನ ಪ್ರಶ್ನೆ ನನ್ನನ್ನು ಸುಮ್ಮನೆ ಕೂರಗೊಡಲಿಲ್ಲ. 2023ರಲ್ಲಿ ಹಡಿಲು ಗದ್ದೆಯ ಒಂದು ಮೂಲೆಯಲ್ಲಿ, ಐದು ಸೆಂಟ್ಸಿನಷ್ಟು ಜಾಗದಲ್ಲಿ ಭತ್ತ ಹಾಕಲು ಹೊರಟೆ. ನೇಗಿಲ ಗೆರೆ ಹೇಗಿರಬೇಕೆಂದು ಮರೆತಿದ್ದವನಿಗೆ ಬೀಜ ಕೊಟ್ಟು ದಾರಿ ತೋರಿಸಿದವರು ಪಕ್ಕದ ಗದ್ದೆಯ ಹಿರಿಯ ಹೆಂಗಸು. ತಂದೆಯವರ ಕಾಲದಲ್ಲಿ ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದವರು. ಮಳೆ ಬಾರದೆ ಜೂನ್ 12ರ ತನಕ ಬೀಜ ಬಿತ್ತಲಾಗಲಿಲ್ಲ. ಸೆಪ್ಟೆಂಬರ್ 8 ಬಂತು. ಗದ್ದೆ ಹಸಿರಾಗಿತ್ತು, ತೆನೆ ಇರಲಿಲ್ಲ. ಆ ಬಾರಿಯೂ ಹೊರಗಿನ ತೆನೆಯನ್ನೇ ಮನೆಗೆ ತಂದೆವು.

ನಮ್ಮ ತೆನೆ ಹೊರಬಿದ್ದುದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಹಣ್ಣಾದುದು ಅಕ್ಟೋಬರಿನಲ್ಲಿ, ಜಪಸರದ ತಿಂಗಳಿನಲ್ಲಿ. ಅದರ ಮೊದಲ ಕಟ್ಟು ನವರಾತ್ರಿಯ ಹೊಸ್ತಿಗೆಂದು ಪಕ್ಕದ ಮನೆಯ ಬಾಗಿಲಿಗೆ ಹೋಯಿತು, ಎರಡನೆಯದು ನಮ್ಮ ಮನೆಯ ಪೀಠದ ಮುಂದೆ. ಆ ಸಂಜೆ ಮುಂಬಯಿಗೆ ದೂರವಾಣಿ ಮಾಡಿ ಮಗುವಿಗೆ ಹೇಳಿದೆ: ತೆನೆ ಇಂಥವರ ಗದ್ದೆಯದು, ಬೀಜ ಇಂಥವರದು, ಮಳೆ ಬಂದುದು ಇಂಥ ದಿನ, ಆದುದರಿಂದ ಹಬ್ಬಕ್ಕೆ ಸಿಗಲಿಲ್ಲ. ತೆನೆಗಿಂತ ಆ ಕಥೆಯೇ ಅವಳಿಗೆ ಹೆಚ್ಚು ರುಚಿಸಿತೆಂದು ತೋರುತ್ತದೆ. ಮರುವರ್ಷ ಬಂದಾಗ ಮೊದಲು ಓಡಿದುದು ಗದ್ದೆಯ ಅಂಚಿಗೆ.

ಏನು ಮಾಡಬಹುದು?

ಪೋಪ್ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಸಾಮಾನ್ಯ ಮನೆಯೆಂದು ಕರೆದು, ಅದರ ಪಾಲನೆಯನ್ನು ವಿಶ್ವಾಸದ ಭಾಗವಾಗಿ ಎಣಿಸಬೇಕೆಂದು ಬೋಧಿಸಿದರು. ಅದೇ ವರ್ಷ ಸೆಪ್ಟೆಂಬರ್ 1ನ್ನು ಸೃಷ್ಟಿಯ ಪಾಲನೆಗಾಗಿ ಪ್ರಾರ್ಥಿಸುವ ದಿನವೆಂದು ಗೊತ್ತುಪಡಿಸಿದರು. ಅಂದಿನಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಸೃಷ್ಟಿಯ ಕಾಲವೆಂದು ಆಚರಿಸಲಾಗುತ್ತದೆ. ನಮ್ಮ ತೆನೆ ಹಬ್ಬ ಬೀಳುವುದು ಈ ಕಾಲದೊಳಗೇ. ಹೊರಗಿನಿಂದ ಹೊಸ ಆಚರಣೆಯನ್ನು ತಂದು ಕೂಡಿಸಬೇಕಾದ ಅಗತ್ಯ ನಮಗಿಲ್ಲ. ಇರುವುದನ್ನು ಅರ್ಥವರಿತು ಆಚರಿಸಿದರೆ ಸಾಕು.

2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿಯನ್ನು ಮರಳಿ ಬಿತ್ತುವ ಆಂದೋಲನವೇ ನಡೆಯಿತು. ಶಾಲೆ, ಸಂಘ, ಪೂಜಾಮಂದಿರವೆನ್ನದೆ ಜನರು ಗದ್ದೆಗಿಳಿದರು. ಪ್ರತಿಯೊಂದು ಧರ್ಮಕೇಂದ್ರವೂ ಒಂದು ತುಂಡು ಗದ್ದೆಯನ್ನಾದರೂ ಹಬ್ಬದ ತೆನೆಗೆಂದು ಮೀಸಲಿಡಲಿ. ಮೇ ಕೊನೆಯಲ್ಲೇ ಬಾವಿಯ ನೀರಿನಿಂದ ನೇಜಿ ಹಾಕಿದರೆ ನೂರು ದಿನಗಳ ಲೆಕ್ಕ ಸರಿಹೋದೀತು. ಗದ್ದೆಯಿಲ್ಲದ ಪೇಟೆಯಲ್ಲಿ ಹತ್ತು ಕುಂಡಗಳಾದರೂ ಸಾಕು. ಧರ್ಮೋಪದೇಶದ ಮಕ್ಕಳು ನಾಟಿಯ ದಿನ ಕೆಸರಿಗಿಳಿಯಲಿ. ಹೂ ಕೊಯ್ದು ತರುವ ಕೈಗಳಿಗೆ ಮಣ್ಣಿನ ಪರಿಚಯವೂ ಆಗಲಿ. ತೆನೆ ಹೊರಗಿನಿಂದ ಬಂದಿದ್ದರೆ ಅದನ್ನು ಬೆಳೆದವರ ಊರನ್ನೂ ಹೆಸರನ್ನೂ ಬಲಿಪೂಜೆಯ ಕೊನೆಯಲ್ಲಿ ಹೇಳಿ ಅವರಿಗಾಗಿ ಪ್ರಾರ್ಥಿಸಲಿ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವ ದಿನ ನಮ್ಮ ಯುವಕರೂ ನೆರೆಯವರೊಡನೆ ಹೆಗಲು ಕೊಡಲಿ. ಮನೆಯ ಕ್ಯಾಲೆಂಡರಿನಲ್ಲಿ ಮಳೆಯ ಗುರುತು ಹಾಕಲು ಒಂದು ಪೆನ್ಸಿಲ್ ತೂಗುಹಾಕಲು ಖರ್ಚೇನೂ ಇಲ್ಲ.

ಈ ಹಬ್ಬದ ಮಧ್ಯಾಹ್ನವೂ ಬಾಳೆಲೆ ಹಾಸಲಾಗುವುದು. ಕೆಸುವಿನ ದಂಟು, ಹೀರೆ, ಬೆಂಡೆ, ಹರಿವೆ, ಕಡಲೆ ಸುಕ್ಕ, ಪಾಯಸವೆಂದು ಐದೋ ಏಳೋ ಒಂಬತ್ತೋ, ಹೇಗೂ ಬೆಸ ಸಂಖ್ಯೆಯ ಬಗೆಗಳು ಅದರ ಮೇಲೆ ಬರುವುವು. ಮನೆಯ ಹಿರಿಯರು ಪ್ರಾರ್ಥಿಸಿ ನೊವೆಂ ಹಂಚುವರು. ದೂರದಲ್ಲಿರುವ ಮಕ್ಕಳಿಗೆ ಎರಡು ತೆನೆ ಲಕೋಟೆಯಲ್ಲಿ ಹೋಗುವುದು. ಊಟಕ್ಕೆ ಕೈ ಹಾಕುವ ಮೊದಲು ಯಾರಾದರೊಬ್ಬರು ಹೇಳಲಿ: ಈ ವರ್ಷ ಮಳೆ ಇಂಥ ದಿನ ಬಂತು, ಹೊಳೆ ಇಲ್ಲಿಯವರೆಗೆ ಏರಿತು, ಈ ತೆನೆಯನ್ನು ಬೆಳೆದವರು ಇಂಥವರು. ಲಕೋಟೆಯೊಳಗೆ ತೆನೆಯ ಜೊತೆಗೆ ಆ ನಾಲ್ಕು ಸಾಲುಗಳನ್ನೂ ಬರೆದಿಡೋಣ. ಮರಿಯಮ್ಮನವರ ಆಶೀರ್ವಾದವು ನಮ್ಮ ಮನೆಗಳ ಮೇಲೆ, ಹೊಳೆಗಳ ಮೇಲೆ, ಉಳಿದಿರುವ ಗದ್ದೆಗಳ ಮೇಲೆ ಇರಲಿ.